ನಾಲ್ಕು ಇಂಚು, ಮೇಲೆ ಎಷ್ಟೋ ಸೆಂಟ್ಸ್

ಹಳ್ಳದ ಈಚೆ ದಡದಲ್ಲಿ, ಅದನ್ನು ದಾಟುವ ಮರದ ಸಂಕದ ಮೊದಲ ಹಲಗೆಯಿಂದ ನಾಲ್ಕು ಹೆಜ್ಜೆ ಹಿಂದೆ, ನೇರಳೆ ಮರದ ಕೆಳಗೆ ನಾನು ನಿಂತಿದ್ದೆ. ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ದಾಟಿ ಹತ್ತು ನಿಮಿಷ. ಎಡಗೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮಳೆ ಪುಸ್ತಕ, ಬಲಗೈಯಲ್ಲಿ ಕೊಡೆ. ಇಷ್ಟನ್ನು ಆವತ್ತೇ ಪೊಲೀಸರಿಗೆ ಹೇಳಿದ್ದೇನೆ. ಅವರು ಬರೆದುಕೊಂಡು ಓದಿ ಹೇಳಿದರು, ನಾನು ಸಹಿ ಹಾಕಿದೆ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಆಮೇಲೆ ನನ್ನ ಎಡಗೈ ಏನು ಮಾಡಿತು ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಕಳೆದ ವಾರ ಕೆಲಸದ ಮೇಲೆ ಆಲ್ದೂರಿನ ಹತ್ತಿರದ ಒಂದು ತೋಟಕ್ಕೆ ಹೋಗಿದ್ದೆ. ಅಲ್ಲಿ ಈಗ ಮಳೆಯನ್ನು ತಾನೇ ಅಳೆದು ಮೊಬೈಲಿಗೆ ಕಳಿಸುವ ಯಂತ್ರ ಬಂದಿದೆ. ಹಳೆಯ ಅಳತೆಯ ಗ್ಲಾಸು ಆಫೀಸಿನ ಕಿಟಕಿಯಲ್ಲಿತ್ತು, ಅದರೊಳಗೆ ಮೂರು ಪೆನ್ನು, ಒಂದು ಕತ್ತರಿ. ಪೆನ್ನುಗಳನ್ನು ತೆಗೆದಿಟ್ಟು ಗ್ಲಾಸನ್ನು ಬೆಳಕಿಗೆ ಹಿಡಿದೆ. ನೂರು ಸಣ್ಣ ಗೀಟುಗಳು. ನೂರು ಸೆಂಟ್ಸಿಗೆ ಒಂದು ಇಂಚು. ನಮ್ಮ ಕಾಫಿ ಸೀಮೆಯಲ್ಲಿ ಮಳೆಯನ್ನು ಇವತ್ತಿಗೂ ಹೀಗೇ ಹೇಳುವುದು. ಅಲ್ಲಿದ್ದವರು, "ಎಂತ ಸರ್, ಬೇಕಿದ್ರೆ ತಗೊಂಡು ಹೋಗಿ" ಎಂದರು. ಬೇಡ ಎಂದು ಅಲ್ಲೇ ಇಟ್ಟು ಬಂದೆ.

ರೈಟರ ತಂಗಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಈವರೆಗೂ ಉತ್ತರ ಕೊಟ್ಟಿಲ್ಲ. ಈಗ ಬರೆಯುತ್ತಿರುವುದು ಆ ಉತ್ತರ.

ರೈಟರ್ ಎಂದರೆ ಎಸ್ಟೇಟಿನ ಗುಮಾಸ್ತರು. ಆಳುಗಳ ಹಾಜರಿ, ಗೊಬ್ಬರ, ಮಳೆ, ಎಲ್ಲವನ್ನೂ ಬರೆದಿಡುವವರು. ನಾನು ಹೇಳುತ್ತಿರುವ ರೈಟರು ಆಲ್ದೂರಿನಿಂದ ಆರು ಕಿಲೋಮೀಟರ್ ಒಳಗಿನ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಮದುವೆಯಾಗಿರಲಿಲ್ಲ. ಬಣ್ಣ ಹೋದ ಖಾಕಿ ಟೋಪಿ, ಜೇಬಿನಲ್ಲಿ ಎರಡು ಪೆನ್ನು. ಇಂಚು ದಾಟಿದ ಮಳೆಗೆ ಕೆಂಪು, ಉಳಿದ ಎಲ್ಲದಕ್ಕೂ ನೀಲಿ.

ಅವರನ್ನು ನಾನು ಕಂಡದ್ದು ಓದಿನ ನೆಪದಿಂದ. ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂಬ ನಿಯಮ ಆಗ ಹೊಸತು. ಚಿಕ್ಕಮಗಳೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ನಾನು ದೂರಶಿಕ್ಷಣದಲ್ಲಿ ಗಣಿತದ ಬಿ.ಎಸ್ಸಿ.ಗೂ ಸೇರಿಕೊಂಡೆ. ಗಣಿತ ನನಗೆ ಚಿಕ್ಕಂದಿನಿಂದ ಹಿಡಿದ ಹುಚ್ಚು, ಎಂಜಿನಿಯರಿಂಗ್ ಊಟಕ್ಕೆ. ಮೂಡಿಗೆರೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಮ್ಮ, "ಎರಡು ತೋಳಿಗೆ ಎರಡು ಬಣ್ಣದ ಬಟ್ಟೆ ಹಾಕಿದ ಹಾಗಾಗ್ತದೆ ನೋಡು" ಎಂದಿದ್ದಳು. ಬೇಡ ಎನ್ನಲಿಲ್ಲ.

ಎರಡು ಪದವಿ ಎಂದರೆ ಎರಡರಷ್ಟು ಸ್ನೇಹಿತರು ಎಂದುಕೊಂಡಿದ್ದೆನೋ ಏನೋ... ಆದದ್ದು ಬೇರೆ. ಗಣಿತದಲ್ಲಿ ಸಹಪಾಠಿಗಳೇ ಇರಲಿಲ್ಲ. ಪುಸ್ತಕ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಪಾಠ, ಅಂಚೆಯಲ್ಲಿ ಬರುವ ಕವರು. ಸಿವಿಲ್ ಕ್ಲಾಸಿನಲ್ಲಿ ಹುಡುಗರು ನನ್ನನ್ನು "ಡಬಲ್ ಡಿಗ್ರಿ" ಎಂದೇ ಕರೆಯುತ್ತಿದ್ದರು. "ಡಬಲ್ ಡಿಗ್ರಿ, ಕ್ಯಾಂಟೀನಿಗೆ ಬರ್ತೀಯೇನೋ, ಇಲ್ಲ ಬರೋದನ್ನ ಮೊದಲು ಪ್ರೂವ್ ಮಾಡ್ತೀಯೋ?" ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ದ್ರವಶಾಸ್ತ್ರದ ಪರೀಕ್ಷೆ, ಮಧ್ಯಾಹ್ನ ಊರಿನ ಇನ್ನೊಂದು ತುದಿಯಲ್ಲಿ ರಿಯಲ್ ಅನಾಲಿಸಿಸ್. ಒಂದರಲ್ಲಿ ಮೂರು ದಶಮಾಂಶದ ಮೇಲೆ ಬರೆದರೆ ಮೇಷ್ಟ್ರು ಬೈಯುತ್ತಿದ್ದರು; ಇನ್ನೊಂದರಲ್ಲಿ ದಶಮಾಂಶಕ್ಕೆ ತಂದದ್ದೇ ತಪ್ಪು. ಬಸ್ಸಿನಲ್ಲಿ ಕೂತು ತಲೆಯೊಳಗಿನ ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಹತ್ತಿಸಿಕೊಳ್ಳಬೇಕಿತ್ತು. ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮೂರನೇ ವರ್ಷದ ಕೊನೆಯಲ್ಲಿ ಎರಡೂ ಕಡೆ ಪ್ರಾಜೆಕ್ಟ್ ಬಂತು. ಕಾಲೇಜಿನ ಗೈಡು ಒಂದು ಎಸ್ಟೇಟಿನ ವಿಳಾಸ ಕೊಟ್ಟರು. ಅಲ್ಲಿನ ಹಳ್ಳದ ಮೇಲೆ ಮರದ ಕಾಲುಸಂಕವಿದೆ, ಅದರ ಬದಲು ಕಾಂಕ್ರೀಟಿನ ಮೋರಿ ಕಟ್ಟಲು ಮಾಲೀಕರಿಗೆ ನಕ್ಷೆ ಬೇಕು. ಮೋರಿ ಎಷ್ಟು ದೊಡ್ಡದಿರಬೇಕೆಂದು ಗೊತ್ತಾಗಲು ಒಂದು ದಿನದಲ್ಲಿ ಹೆಚ್ಚೆಂದರೆ ಎಷ್ಟು ಮಳೆ ಬೀಳುತ್ತದೆ ಎಂದು ತಿಳಿಯಬೇಕು. ಹೋಗಿ ನೋಡಿದರೆ ರೈಟರ ಕಪಾಟಿನಲ್ಲಿ ಮೂವತ್ತೊಂದು ವರ್ಷದ ಮಳೆ ಪುಸ್ತಕಗಳು. ಗಣಿತದ ಪ್ರಾಜೆಕ್ಟಿಗೂ ಅವೇ ಸಾಕು ಎಂದು ಅಲ್ಲೇ ತೀರ್ಮಾನಿಸಿದೆ. ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತಿ ಬರುವುದು, ಆಫೀಸಿನ ಹಿಂದಿನ ಕೋಣೆಯಲ್ಲಿ ಮಲಗಿದ್ದು ಸೋಮವಾರ ಬೆಳಿಗ್ಗೆ ಹಿಂದಿರುಗುವುದು ರೂಢಿಯಾಯಿತು.

ಮಳೆ ಮಾಪಕ ಇದ್ದದ್ದು ಹಳ್ಳದ ಆಚೆ, ನರ್ಸರಿಯ ಬಯಲಿನಲ್ಲಿ. ಈಚೆ ಕಡೆ ಎಲ್ಲಾ ನೆರಳು ಮರ. ದಿನಾ ಬೆಳಿಗ್ಗೆ ಏಳಕ್ಕೆ ರೈಟರು ಸಂಕ ದಾಟಿ ಹೋಗಿ, ಮಾಪಕದ ಬಾಟಲಿಯ ನೀರನ್ನು ಗ್ಲಾಸಿಗೆ ಹೊಯ್ದು ಅಳೆಯುತ್ತಿದ್ದರು. ಒಂದು ಗ್ಲಾಸು ತುಂಬಿದರೆ ಒಂದು ಇಂಚು. ಆ ಗ್ಲಾಸನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಹಿಂದೊಮ್ಮೆ ಕೊಟ್ಟಾಗ ಒಡೆದು ತಂದಿದ್ದರಂತೆ. ನಾನಿದ್ದ ದಿನಗಳಲ್ಲಿ ಪುಸ್ತಕ ನೆನೆಯದಂತೆ ಈಚೆ ದಡದಲ್ಲಿ ಹಿಡಿದು ನಿಲ್ಲುವುದು ನನ್ನ ಕೆಲಸ. ಅವರು ಆಚೆಯಿಂದ ಕೂಗುವರು, ನಾನು ಬರೆಯುವೆ.

ಒಂದು ಬೆಳಿಗ್ಗೆ, "ಆ ನಿನ್ನ ಎರಡನೇ ಡಿಗ್ರೀಲಿ ಎಂತ ಹೇಳಿಕೊಡ್ತಾರೆ ಮಾರಾಯ?" ಎಂದು ಕೇಳಿದರು. ಆವರೆಗೆ ಯಾರೂ ಕೇಳಿರಲಿಲ್ಲ. ಯಾವ ಎರಡು ಸಂಖ್ಯೆಗಳ ನಡುವೆಯೂ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ, ಅದಕ್ಕೆ ಕೊನೆಯಿಲ್ಲ ಎಂದೆ.

"ಹಂಗಾರೆ ಎರಡು ಗೀಟಿನ ಮಧ್ಯೆ ನೀರು ನಿಂತರೆ ಎಂತ ಬರೀಬೇಕು?"

"ಹತ್ತಿರದ ಗೀಟು ಬರೆಯೋದು, ರೈಟ್ರೇ."

"ಇದು ಯಾವ ಡಿಗ್ರಿಯ ಉತ್ತರ?"

ನನಗೆ ನಗು ಬಂತು. ಅಂದಿನಿಂದ ಅದೊಂದು ಆಟವಾಯಿತು. ಕೊನೆಯ ಗ್ಲಾಸಿನಲ್ಲಿ ನೀರು ಎರಡು ಗೀಟಿನ ಮಧ್ಯೆ ನಿಂತರೆ ಅವರು ಅದನ್ನು ಚೆಲ್ಲುತ್ತಿರಲಿಲ್ಲ. ಮಳೆಯ ಹನಿ ಸೇರದ ಹಾಗೆ ಅಂಗೈಯಿಂದ ಗ್ಲಾಸಿನ ಬಾಯಿ ಮುಚ್ಚಿ, ಸಂಕದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ತಂದು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದರು. "ನೋಡು ಇಂಜಿನಿಯರ್ರೇ. ಇದನ್ನ ಯಾವ ಡಿಗ್ರಿಗೆ ಕೊಡುವ?" ನನ್ನ ಎರಡು ಓದನ್ನೂ ಒಂದೇ ಮಾತಿನಲ್ಲಿ ಹಿಡಿದವರು ಅವರೊಬ್ಬರೇ. ಶನಿವಾರ ಬರುವುದನ್ನು ನಾನು ಕಾಯುತ್ತಿದ್ದೆ.

ಮೇ ತಿಂಗಳಲ್ಲಿ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ ಮುಗಿಸಿದೆ. ಅತಿ ಹೆಚ್ಚು ಮಳೆ ಬಂದ ನೂರು ದಿನಗಳನ್ನು ಸಾಲಾಗಿ ಜೋಡಿಸಿದಾಗ ಒಂದು ವಿಚಿತ್ರ ಕಂಡಿತು. ಅದರಲ್ಲಿ ಭಾನುವಾರ ಒಂದೂ ಇರಲಿಲ್ಲ. ಸೋಮವಾರವೂ ಇರಲಿಲ್ಲ. ಮೂವತ್ತೊಂದು ವರ್ಷ ಆ ಎರಡು ದಿನ ಮಳೆ ಮೆಲ್ಲಗೆ ಬಂದಿತ್ತು. ಹಾಳೆ ತಿರುವಿ ನೋಡಿದರೆ ಭಾನುವಾರಕ್ಕೂ ಸೋಮವಾರಕ್ಕೂ ಒಂದೇ ಅಂಕಿ: ಒಂದು ಇಂಚು ಮೂವತ್ತೈದು, ಒಂದು ಇಂಚು ಮೂವತ್ತೈದು. ವಾರ ವಾರವೂ ಹಾಗೆಯೇ.

ಪುಸ್ತಕ ತೆರೆದಿಟ್ಟುಕೊಂಡೇ ಕೇಳಿದೆ.

"ಭಾನುವಾರ ದೇವರಿಗೂ ರಜೆ ಬೇಡ್ವಾ ಮಾರಾಯ?" ಎಂದು ಮೊದಲು ನಕ್ಕರು. ಆಮೇಲೆ ಹೇಳಿದರು. ಎಸ್ಟೇಟಿಗೆ ಭಾನುವಾರ ರಜೆ. ಶನಿವಾರ ಮಧ್ಯಾಹ್ನ ಆಲ್ದೂರಿಗೆ ಇಳಿದು ಅವರು ಕಳಸದ ಬಸ್ಸು ಹತ್ತುತ್ತಿದ್ದರು. ಅಲ್ಲಿ ಗಂಡ ತೀರಿಹೋಗಿದ್ದ ತಂಗಿ ಒಬ್ಬರೇ ಇದ್ದರು. ಸೋಮವಾರ ಬೆಳಿಗ್ಗೆ ಬಂದು ಅಳೆದರೆ ಬಾಟಲಿಯಲ್ಲಿ ಎರಡು ದಿನದ ನೀರು. ಎರಡರಿಂದ ಭಾಗಿಸಿ, ಎರಡೂ ದಿನಕ್ಕೆ ಸಮನಾಗಿ ಬರೆಯುವುದು. ನಾನು ಬರಲು ಶುರು ಮಾಡಿದ ಮೇಲೆ, ಅತಿಥಿ ಇದ್ದಾನೆಂದು, ನಡುನಡುವೆ ಕೆಲವು ಭಾನುವಾರ ಉಳಿದಿದ್ದರು ಅಷ್ಟೆ.

"ಒಟ್ಟು ಮಳೆ ಸರಿ ಉಂಟಲ್ಲ?" ಎಂದರು.

"ಒಟ್ಟು ಸರಿ ಇದೆ ರೈಟ್ರೇ. ದಿನ ತಪ್ಪು."

"ಹಂಗಾರೆ ಮೂವತ್ತು ವರ್ಷ ನಾನು ಸುಳ್ಳು ಬರ್ದೆ ಅಂತಲಾ?"

"ಸುಳ್ಳಲ್ಲ, ಸರಾಸರಿ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. ಭಾನುವಾರ ಆರು ಇಂಚು ಸುರಿದು ಸೋಮವಾರ ಬಿಸಿಲು ಬಿದ್ದಿದ್ದರೂ ಪುಸ್ತಕದಲ್ಲಿ ಮೂರು ಮೂರು ಇರುತ್ತದೆ, ಅದನ್ನು ನಂಬಿ ಮೋರಿ ಕಟ್ಟಿದರೆ ಕೊಚ್ಚಿಹೋಗುತ್ತದೆ, ಹೀಗೆ ಬರೆದ ಪುಸ್ತಕದಿಂದ ಗಣಿತವಾಗಲಿ ಮೋರಿಯಾಗಲಿ ಆಗುವುದಿಲ್ಲ ಎಂದು ಹೇಳಿದೆ. ಕಂಡುಹಿಡಿದ ಸಂತೋಷದಲ್ಲಿ ಹೇಳಿದೆ. ನನಗಾಗ ಇಪ್ಪತ್ತೊಂದು ವರ್ಷ.

ಅವರು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು. ಮುಂದಿನ ಶನಿವಾರ ಬಂದಾಗ ಅವರ ಬ್ಯಾಗು ಮೊಳೆಯಲ್ಲೇ ನೇತಾಡುತ್ತಿತ್ತು. "ಕಳಸಕ್ಕೆ ಹೋಗಲ್ವಾ?" ಎಂದೆ. "ಮಳೆಗಾಲ ಮುಗೀಲಿ. ಒಂದು ವರ್ಷ ಆದ್ರೂ ದಿನ ಸರಿ ಇರಲಿ" ಎಂದರು. ಫೋನಿನಲ್ಲಿ ತಂಗಿಗೆ "ಕೆಲಸ ಉಂಟು" ಎಂದಷ್ಟೇ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಹಾಗೆ ಎಂಟು ಭಾನುವಾರ ಹೋಗಲಿಲ್ಲ. ನನಗೆ ಒಳಗೊಳಗೇ ಹಿತವಾಗಿತ್ತು. ಅಂಕಿಗಳು ಸರಿಹೋಗುತ್ತಿದ್ದವು, ಜೊತೆಗೆ ಭಾನುವಾರ ಇಡೀ ದಿನ ಮಾತಿಗೆ ಒಬ್ಬರಿದ್ದರು.

ಎಂಟನೆಯದು ಆ ಭಾನುವಾರ.

ಹಿಂದಿನ ಸಂಜೆಯಿಂದ ಬಿಡದೆ ಹೊಡೆದಿತ್ತು. ಏಳಕ್ಕೆ ಹತ್ತು ನಿಮಿಷ ಇರುವಾಗ ರೈಟರು ಸಂಕ ದಾಟಿದರು. ಸಂಕ ಎಂದರೆ ಎರಡು ಸಿಲ್ವರ್ ಓಕ್ ದಿಮ್ಮಿ, ಅಡ್ಡಕ್ಕೆ ಹಲಗೆ, ಹಿಡಿದುಕೊಳ್ಳಲು ಒಂದು ಕಡೆ ತಂತಿ. ಅವರು ಹೋಗುವಾಗ ನೀರು ದಿಮ್ಮಿಗಿಂತ ಒಂದು ಮೊಳ ಕೆಳಗಿತ್ತು. ಅವರು ಅಳೆದು ದಡಕ್ಕೆ ಬರುವ ಹೊತ್ತಿಗೆ ದಿಮ್ಮಿಯನ್ನು ಮುಟ್ಟುತ್ತಿತ್ತು. ಆ ಇಪ್ಪತ್ತು ನಿಮಿಷದಲ್ಲಿ ಏರಿದ್ದು ನನಗೆ ಕಂಡಿತ್ತು. ಕಂಡೂ ನಾನು ಮನಸ್ಸಿನಲ್ಲಿ ಅದನ್ನು ಲೆಕ್ಕ ಹಾಕುತ್ತಿದ್ದೆ.

ಅವರು ಏನೋ ಕೂಗಿದರು. ಹಳ್ಳದ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಅವರು ನಾಲ್ಕು ಬೆರಳು ತೋರಿಸಿದರು. ನಾನೂ ನಾಲ್ಕು ಬೆರಳು ತೋರಿಸಿದೆ. ಅವರು ತಲೆ ಆಡಿಸಿದರು. ನಾಲ್ಕು ಇಂಚು. ಇದರಲ್ಲಿ ಸಂದೇಹವಿಲ್ಲ.

ಆಮೇಲೆ ಅವರು ಕೈಯನ್ನು ಮೇಲಕ್ಕೆತ್ತಿ ಗಾಳಿಯಲ್ಲಿ ಒಂದು ಸುತ್ತು ಬರೆದರು. ಇದರ ಅರ್ಥ ನನಗೆ ಆಗ ಆಗಲಿಲ್ಲ. ಮೇಲಿನ ಗೇಟಿನ ರಸ್ತೆಯಲ್ಲಿ ಸುತ್ತಿ ಬಂದರೆ ಮುಕ್ಕಾಲು ಗಂಟೆಯ ದಾರಿ. ಆ ಕಡೆ ಬರುತ್ತೇನೆ ಎಂದಿರಬಹುದು. ನಾಲ್ಕರ ಮೇಲೆ ಇನ್ನೂ ಇದೆ ಎಂದಿರಬಹುದು. ನಾನು ಎರಡನೆಯದನ್ನು ಹಿಡಿದೆ. ಮೋರಿಗೆ ನಾಲ್ಕು ಸಾಕಿತ್ತು. ನನಗೆ ಸೆಂಟ್ಸು ಬೇಕಿತ್ತು.

ಮಳೆ ಪುಸ್ತಕವನ್ನು ಬಲ ಕಂಕುಳಿಗೆ ಸೇರಿಸಿ, ಎಡಗೈಯನ್ನು ಕಿವಿಗೆ ಹಿಡಿದೆ. ಕೇಳಿಸಲಿಲ್ಲ, ಎಷ್ಟು, ಎನ್ನುವ ಹಾಗೆ.

ಅವರು ನನ್ನನ್ನು ನೋಡಿದರು. ಗ್ಲಾಸನ್ನು ಒಮ್ಮೆ ಬೆಳಕಿಗೆ ಎತ್ತಿ ನೋಡಿದರು. ಅದರಲ್ಲಿ ನೀರಿತ್ತು. ಅಂಗೈಯಿಂದ ಬಾಯಿ ಮುಚ್ಚಿ ಸಂಕಕ್ಕೆ ಕಾಲಿಟ್ಟರು. ಹಾಗಾಗಿ ತಂತಿ ಹಿಡಿಯಲು ಅವರಿಗೆ ಕೈ ಇರಲಿಲ್ಲ. ಮೂರನೇ ಹಲಗೆಯ ಮೇಲಿದ್ದಾಗ ಮೇಲಿನಿಂದ ಒಂದು ಮರದ ಬೊಡ್ಡೆ ಬೇರುಸಮೇತ ಬಂದು ದಿಮ್ಮಿಗೆ ಬಡಿಯಿತು. ದಿಮ್ಮಿ ಜರುಗಿತು. ಅವರು ಗ್ಲಾಸು ಬಿಡಲಿಲ್ಲ. ಅದನ್ನು ನಾನು ಖಚಿತವಾಗಿ ಹೇಳಬಲ್ಲೆ. ಬೀಳುವಾಗಲೂ ಒಂದು ಕೈ ಗ್ಲಾಸಿನಡಿ ಇತ್ತು, ಒಂದು ಕೈ ಅದರ ಮೇಲಿತ್ತು.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ...

ಮಂಗಳವಾರ ಕೆಳಗಿನ ತೋಟದ ಕಟ್ಟೆಯ ಹತ್ತಿರ ಸಿಕ್ಕರು. ಮಳೆ ಅಳೆದು ವಾಪಸು ಬರುತ್ತಿದ್ದರು ಎಂದು ನಾನು ಭಾನುವಾರವೇ ಹೇಳಿಕೆ ಕೊಟ್ಟಿದ್ದೆ. ಹದಿಮೂರನೆಯ ದಿನ ಕಳಸಕ್ಕೆ ಹೋದೆ. ತಂಗಿ ನನಗೆ ಎಲೆ ಹಾಕಿ, ಬಡಿಸುತ್ತಾ, ನನ್ನ ಮುಖ ನೋಡದೆ ಕೇಳಿದರು. "ಸಾಲಾಗಿ ಎರಡು ಭಾನುವಾರ ತಪ್ಪಿಸ್ದೋನಲ್ಲ ಅಣ್ಣ. ಎಂಟು ವಾರ ಬರ್ಲಿಲ್ಲ. ಅಂಥದ್ದೆಂತ ಕೆಲಸ ಇತ್ತಪ್ಪ ಅವನಿಗೆ?" ನನ್ನ ಬಾಯಲ್ಲಿ ಅನ್ನವಿತ್ತು. ಅದನ್ನೇ ನೆಪ ಮಾಡಿಕೊಂಡೆ. ಅವರು ಎರಡನೇ ಸಲ ಕೇಳಲಿಲ್ಲ.

ಪ್ರಾಜೆಕ್ಟು ಮುಗಿಸಿದೆ. ಕಾಲೇಜಿನ ಗೈಡಿಗೆ ಆ ದಿನದ ಅಂಕಿ ಪೂರ್ತಿ ಇಲ್ಲ, ನಾಲ್ಕು ಇಂಚು ಎಂದಷ್ಟೇ ಗೊತ್ತು ಎಂದೆ. "ನಾಲ್ಕಾದರೇನು, ನಾಲ್ಕೂ ತೊಂಬತ್ತಾದರೇನಪ್ಪ, ಐದು ಅಂತ ಹಿಡಿ. ಅದರ ಮೇಲೆ ಕಾಲು ಭಾಗ ಸೇರಿಸೋದಿದ್ದೇ ಇದೆಯಲ್ಲ" ಎಂದರು. ಗಣಿತದ ವರದಿಯಲ್ಲಿ ಆ ದಿನವನ್ನು ಖಾಲಿ ಬಿಟ್ಟು, ಕೆಳಗೆ ಒಂದು ಸಾಲು ಬರೆದೆ: ಒಂದು ದಿನದ ಮಾಹಿತಿ ಲಭ್ಯವಿಲ್ಲ. ಹನ್ನೊಂದು ಸಾವಿರ ದಿನಗಳಲ್ಲಿ ಒಂದು ದಿನ. ಉತ್ತರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆ ಸೆಂಟ್ಸು ನನ್ನ ಎರಡು ಡಿಗ್ರಿಯಲ್ಲಿ ಯಾವುದಕ್ಕೂ ಬೇಕಿರಲಿಲ್ಲ.

ಎರಡೂ ಸರ್ಟಿಫಿಕೇಟು ಬಂದಿವೆ. ಅಮ್ಮ ಎರಡಕ್ಕೂ ಒಂದೇ ಚೌಕಟ್ಟು ಹಾಕಿಸಿದ್ದಾಳೆ. ಈಗ ಚಿಕ್ಕಮಗಳೂರಿನಲ್ಲಿ ಒಬ್ಬ ಕಂಟ್ರಾಕ್ಟರ ಹತ್ತಿರ ಕೆಲಸ. ಗಣಿತದ ಪುಸ್ತಕಗಳನ್ನು ಆಮೇಲೆ ತೆರೆದಿಲ್ಲ.

ಕಳೆದ ವಾರ ಗ್ಲಾಸನ್ನು ಕಿಟಕಿಯಲ್ಲಿ ಇಟ್ಟು ಬಂದವನು ನೇರ ಊರಿಗೆ ಹಿಂದಿರುಗಲಿಲ್ಲ. ಬೈಕು ತಿರುಗಿಸಿ ಆ ಎಸ್ಟೇಟಿಗೆ ಹೋದೆ. ನಾನು ಗೀಚಿದ ಮೋರಿ ಹಳ್ಳದ ಮೇಲೆ ನಿಂತಿದೆ. ಅದರ ಕೆಳಗೆ ಈಗ ನೀರು ಕಡಿಮೆ. ಮೇಲೆ, ಆಳುಗಳ ಲೈನು ಮನೆಗಳ ನಲ್ಲಿಯ ಹತ್ತಿರ ಮೇಸ್ತ್ರಿಯ ಹೆಂಡತಿ ಪಾತ್ರೆ ಉಜ್ಜುತ್ತಿದ್ದರು. ಆವತ್ತು ಇದೇ ನಲ್ಲಿಯ ಬಳಿಯಿಂದ ಕಂಡು, ಬೊಬ್ಬೆ ಹಾಕಿ ಜನ ಸೇರಿಸಿದವರು ಅವರು. ಆಮೇಲೆ ಅವರ ಮುಂದೆ ನಿಂತು ನಾನು ಮಾತಾಡಿರಲಿಲ್ಲ.

"ಗುರ್ತು ಸಿಕ್ತು. ಇಂಜಿನಿಯರ್ರಲ್ವಾ ನೀವು? ಬಡಕಲಾಗೀರಿ" ಎಂದರು.

ಅಲ್ಲೇ ಕಟ್ಟೆಯ ಮೇಲೆ ಕೂತೆ. ಹೇಗೆ ಕೇಳಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದೆ. "ಅಕ್ಕ, ಆವತ್ತು ರೈಟ್ರು ಆಚೆ ದಡದಲ್ಲಿ ನಿಂತು ಕೈ ಸುತ್ತಿದ್ರಲ್ಲ. ಅದು ಎಂತಕ್ಕೆ ಅಂತ ನಿಮಗೆ ಗೊತ್ತಾ?"

ಅವರು ಪಾತ್ರೆಯನ್ನು ಬೋರಲು ಹಾಕಿದರು. "ಮೇಲಿನ ಗೇಟಿಂದ ಸುತ್ತಿ ಬರ್ತೀನಿ ಅಂದ್ರು. ಹೊಳೆ ಏರಿದಾಗ ನಾವೆಲ್ಲ ಹಂಗೇ ಕೈ ಮಾಡೋದು. ನಿಮಗೆ ಹೊಸದು, ಗೊತ್ತಾಗ್ಲಿಲ್ಲ."

"ನಾನು ಮಾಡಿದ್ದು ಕಂಡಿದ್ರಾ?"

"ಕಂಡಿದ್ದೆ. ಕೈ ಕಿವೀಗಿಟ್ಕಂಡ್ರಿ."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ" ಎಂದರು. ಉಜ್ಜಿದ ಪಾತ್ರೆಗಳನ್ನು ಎತ್ತಿಕೊಂಡು, "ಚಾ ಕುಡೀತೀರಾ?" ಎಂದರು. ಕುಡಿದೆ. ಅವರು ಸಮಾಧಾನ ಹೇಳಲಿಲ್ಲ.

ಕಳಸದ ಅಮ್ಮ, ನಿಮ್ಮ ಅಣ್ಣನಿಗೆ ಇದ್ದ ಕೆಲಸ ಇದು. ಭಾನುವಾರದ ಮಳೆಯನ್ನು ಭಾನುವಾರವೇ ಬರೆಯಬೇಕೆಂದು ನಾನು ಹೇಳಿದ್ದೆ. ಅವರು ಸುತ್ತಿ ಬರಲು ಹೊರಟಿದ್ದರು. ನಾನು ಕರೆದೆ. ಬರುವ ಭಾನುವಾರ ಈ ಕಾಗದ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಬೆಳಿಗ್ಗೆ ಕಂಡವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಮೇಲಿನ ಲೈನಿನ ಮೂರನೇ ಮನೆಯ ಮೇಸ್ತ್ರಿಯ ಹೆಂಡತಿ, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವರು. ಅವರು ಇದ್ದಾರೆ. ಕೇಳಿದರೆ ಹೇಳುತ್ತಾರೆ.